ಬಿಡು ಅಂದರೆ ಒತ್ತು

ಬ್ರೇಕು ಕಾದ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಉಸಿರು ಎಳೆದುಕೊಳ್ಳುತ್ತೇನೆ. ಮೊನ್ನೆ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಯಾರೋ ಪುಣ್ಯಾತ್ಮರು ಹ್ಯಾಂಡ್ ಬ್ರೇಕ್ ಇಳಿಸದೆಯೇ ಕಾರು ಓಡಿಸಿಕೊಂಡು ಬಂದು ನಿಲ್ಲಿಸಿ ಹೋಗಿದ್ದರು. ಹೊರಗೆ ಮಳೆ ಹೊಡೆಯುತ್ತಿತ್ತು. ಒಳಗೆ ಆ ಕಮಟು ವಾಸನೆ ತುಂಬಿಕೊಂಡಿತ್ತು. ವಾಚ್‌ಮನ್ "ಮೇಡಂ, ಲಿಫ್ಟ್ ಬಂತು" ಅಂತ ಎರಡು ಸಲ ಕರೆದ. ಹೋಗಪ್ಪಾ ನೀನು, ನಿನ್ನ ಲಿಫ್ಟೂ ಹೋಗಲಿ ಎಂದು ಅಲ್ಲೇ ನಿಂತೆ. ಆ ವಾಸನೆ ನನಗೆ ಒಂದು ಮಳೆಗಾಲದ್ದು, ಸ್ಟೀರಿಂಗ್ ಹಿಡಿದೇ ತೀರುತ್ತೇನೆ ಎಂದು ನಾನು ಹಟ ತೊಟ್ಟ ಮಳೆಗಾಲದ್ದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅದರ ಸುದ್ದಿ ಬೇಡ. ಚಿಕ್ಕಂದಿನಲ್ಲಿ ನನಗೆ ಪೋಲಿಯೋ ಆಗಿ ಎಡಗಾಲಿನ ಶಕ್ತಿ ಹೋಯಿತು. ನಡೆಯಲು ತೊಡೆಯವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಬೇಕು. ಬಲಗಾಲು ಮಾತ್ರ ಕಲ್ಲಿನಷ್ಟು ಗಟ್ಟಿ. ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಗಾಡಿಗೆ ಒಂದು ಕಾಲು ಸಾಕು. ಎರಡಿದ್ದವರೂ ಅದರಲ್ಲಿ ಒಂದನ್ನು ಸುಮ್ಮನೆ ಮೂಲೆಗೆ ಕೂಡಿಸಿಕೊಂಡೇ ಓಡಿಸಬೇಕು. ಹಾಗಾಗಿ ಕನಿಕರ ತೋರಿಸುವವರು ಬೇರೆ ಕಡೆ ನೋಡಿಕೊಳ್ಳಬಹುದು.

ನಮ್ಮಪ್ಪ ಸರ್ಕಾರಿ ನೌಕರಿಗೆಂದು ರಾಯಚೂರಿನಿಂದ ಹೈದರಾಬಾದಿಗೆ ಬಂದವರು, ಇಲ್ಲಿಯೇ ಬೇರು ಬಿಟ್ಟರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ದಖ್ಖನಿ, ಕೆಲಸದಲ್ಲಿ ತೆಲುಗು. ನನ್ನ ಕೆಲಸ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ. ಅಣ್ಣ ಪ್ರಹ್ಲಾದನಿಗೆ ಕೋಠಿಯಲ್ಲಿ ಬಟ್ಟೆ ಅಂಗಡಿ. ವಾರವೆಲ್ಲ ಸೀರೆ ಬಿಚ್ಚಿ ಮಡಚಿ, ಭಾನುವಾರ ಬಂತೆಂದರೆ ತನ್ನ ಹಳೆಯ ಜೀಪನ್ನು ಒಯ್ದು ಕೆಸರಿನಲ್ಲಿ ಹೊರಳಾಡಿಸುವುದು ಅವನ ಚಟ. ಹೊಸ ಸೀರೆಗೆ ಒಂದು ಹನಿ ಚಹಾ ಬಿದ್ದರೆ ಊರು ಒಂದು ಮಾಡುವ ಮನುಷ್ಯ, ಭಾನುವಾರ ಸಂಜೆ ಎಮ್ಮೆಯಂತೆ ಮನೆಗೆ ಬರುತ್ತಿದ್ದ.

ಅಂಥ ಹುಚ್ಚಿನವರದೇ ಒಂದು ಬಳಗವಿತ್ತು. ಅದರ ಹಿರಿಯರು ಖಲೀಲ್ ಭಾಯ್. ಬಿಳಿ ಗಡ್ಡ, ಮೆತ್ತಗಿನ ಮಾತು, ಆದರೆ ಆಡಿದ ಮಾತು ಅಲ್ಲಾಡುತ್ತಿರಲಿಲ್ಲ. ಮಳೆಗಾಲದಲ್ಲಿ ಈ ಹುಚ್ಚಿಗೊಂದು ಅರ್ಥ ಬರುತ್ತಿತ್ತು. ಕೆರೆಗಳ ಅಂಚಿಗೆ ಕಟ್ಟಿದ ಕಾಲೊನಿಗಳಲ್ಲಿ ನೀರು ನಿಂತಾಗ ಬಸುರಿಯರನ್ನು, ಡಯಾಲಿಸಿಸ್‌ಗೆ ಹೋಗಬೇಕಾದವರನ್ನು ಬಳಗದ ಗಾಡಿಗಳು ಆಸ್ಪತ್ರೆಗೆ ಮುಟ್ಟಿಸುತ್ತಿದ್ದವು. ನಾನು ಹಲವು ವರ್ಷ ಅವರಿಗಾಗಿ ಮನೆಯಲ್ಲಿ ಕೂತು ಫೋನ್ ಹಿಡಿದವಳು. ಯಾರ ಮನೆಗೆ ಯಾವ ಗಾಡಿ ಎಂದು ಹೇಳುವುದು ನನ್ನ ಪಾಲು. ನಿಮ್ಮ ದನಿ ಕೇಳಿದರೆ ಧೈರ್ಯ ಬರುತ್ತದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಕೇಳಿ ಕೇಳಿ ಸಾಕಾಗಿ, ಆ ವರ್ಷ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆಟೋಮ್ಯಾಟಿಕ್ ಗಾಡಿ ಕೊಂಡು ಖಲೀಲ್ ಭಾಯ್ ಮನೆ ಮುಂದೆ ನಿಲ್ಲಿಸಿದೆ. ಈ ಮಳೆಗಾಲಕ್ಕೆ ಫೋನ್ ಬೇರೆಯವರು ಹಿಡಿಯಲಿ, ನಾನು ಗಾಡಿ ಓಡಿಸುತ್ತೇನೆ ಅಂದೆ.

ಅವರು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. "ಕಾಯದಾ ಸಬ್ ಕೋ ಏಕ್‌ಇಚ್ ಹೈ ಬಾಜಿ" ಅಂದರು. ನಿಯಮ ಎಲ್ಲರಿಗೂ ಒಂದೇ, ಅಕ್ಕಾ ಅಂತ. ಪಟಾನ್‌ಚೆರು ದಾಟಿದ ಮೇಲೆ ಕೆಲಸ ನಿಂತ ಕಲ್ಲಿನ ಗಣಿಯೊಂದರಲ್ಲಿ ಅಡ್ಡಾದಿಡ್ಡಿ ಹೊಂಡ ತೋಡಿಟ್ಟಿದ್ದರು. ಯಾರ ಹಗ್ಗವೂ ಬೇಡದೆ ಅದನ್ನು ದಾಟಿದವರು ಬಳಗದ ಡ್ರೈವರ್. ದಾಟದವರು ಮುಂದಿನ ವರ್ಷ ಬರಬೇಕು.

ಅಣ್ಣನಿಗೆ ಸುದ್ದಿ ಮುಟ್ಟಿದ್ದೇ ತಡ, ಊಟದ ಹೊತ್ತಿಗೆ ಮನೆಗೆ ಬಂದು ಕೂತ.

"ನಿನ್ ಗಾಡ್ಯಾಗ ಲಾಕರ್ ಎಲ್ಲೈತಿ?"

"ಲಾಕರ್ ಇಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ಐತಿ."

"ಹಂಗಂದ್ರ ಏನೂ ಇಲ್ಲ ಅಂದಂಗ ಆತು" ಅಂತ ರೊಟ್ಟಿ ಮುರಿದ.

ಆ ಜಗಳ ತಿಳಿಯಬೇಕಾದರೆ ಗಾಡಿಯ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು. ಗಾಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಅದಕ್ಕೆಂದೇ ಎರಡರ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಗಡ್ಡೆ ಇರುತ್ತದೆ. ಡಾಂಬರು ರಸ್ತೆಯಲ್ಲಿ ಅದು ಬಹಳ ಒಳ್ಳೆಯದು, ಕೆಸರಿನಲ್ಲಿ ಅದರ ಬುದ್ಧಿ ಕೆಡುತ್ತದೆ. ಒಂದು ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತೇಲಿತೋ, ಎಂಜಿನ್ನಿನ ಶಕ್ತಿಯೆಲ್ಲ ಅದಕ್ಕೇ ಹರಿದು ಅದು ಗರಗರ ತಿರುಗುತ್ತದೆ. ನೆಲ ಕಚ್ಚಿ ನಿಂತ ಚಕ್ರಕ್ಕೆ ಏನೂ ದಕ್ಕುವುದಿಲ್ಲ. ನಮ್ಮ ದೊಡ್ಡತ್ತೆ ಹೀಗೆಯೇ ಇದ್ದಳು. ದುಡಿದು ಬಂದ ಸೊಸೆಯನ್ನು ಬಿಟ್ಟು ಮಂಚದ ಮೇಲೆ ಬಿದ್ದುಕೊಂಡ ಮಗನಿಗೇ ತುಪ್ಪ ಬಡಿಸುತ್ತಿದ್ದಳು.

"ಲಾಕರ್ ಅಂದ್ರ ನೊಗ ಇದ್ದಂಗ" ಅಂದ ಅಣ್ಣ. "ಗುಂಡಿ ಒತ್ತಿದ್ರ ಎರಡೂ ಚಕ್ರ ಕೂಡೇ ತಿರಗಬೇಕು. ಒಂದು ಗಾಳ್ಯಾಗ ಇದ್ರೂ ಇನ್ನೊಂದು ಎಳಕೊಂಡು ಹೋಕ್ಕತಿ. ನಿನ್ ಕಂಪ್ಯೂಟರ್ ಏನ್ ಮಾಡ್ತೈತಿ?"

"ಸುಮ್ಮನ ತಿರುಗೋ ಚಕ್ರದ ಕಿವಿ ಹಿಂಡತೈತಿ. ಅದಕ್ಕಷ್ಟ ಬ್ರೇಕ್ ಹಾಕ್ತೈತಿ. ಆಗ ಶಕ್ತಿ ಇನ್ನೊಂದಕ್ಕ ಹೋಕ್ಕತಿ."

"ಅಂದ್ರ ಮೊದ್ಲು ತಪ್ಪು ಮಾಡ್ಲಿ ಅಂತ ಕಾಯ್ತೈತಿ, ಆಮ್ಯಾಲ ಹಿಂಡತೈತಿ. ನಂದು ತಪ್ಪ ಮಾಡಾಕಽ ಬಿಡೂದಿಲ್ಲ."

"ನಿಂದು ಲಾಕ್ ಬಿದ್ದ ಮ್ಯಾಲ ನೆಟ್ಟಗ ಹೋಗೂದೊಂದಽ ಗೊತ್ತು. ತಿರುಗು ಅಂದ್ರ ತಿರುಗೂದಿಲ್ಲ. ಥೇಟ್ ನಿನ್ನಂಗ."

ರೊಟ್ಟಿ ಬಡಿಸುತ್ತಿದ್ದ ಅತ್ತಿಗೆ ನಕ್ಕಳು. ಅಣ್ಣ ನಗಲಿಲ್ಲ. ಅವನ ಮಾತಿನಲ್ಲಿ ನ್ಯಾಯವಿತ್ತು ಎಂಬುದು ನನಗೂ ಗೊತ್ತಿತ್ತು, ಒಪ್ಪಿಕೊಳ್ಳಲು ನಾಲಿಗೆ ಬರಲಿಲ್ಲ ಅಷ್ಟೇ.

ಮೊದಲ ಪರೀಕ್ಷೆಗೆ ಲ್ಯಾಬಿನ ಗೆಳತಿ ಸ್ವರ್ಣ ಜೊತೆಗೆ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಅಣ್ಣ ಮುಂದೆ ನಿಂತು ದಾರಿ ತೋರಿಸಬೇಕು, ಖಲೀಲ್ ಭಾಯ್ ಪಕ್ಕದಲ್ಲಿ ನಿಂತು ನೋಡಬೇಕು. ನಡುವಿನ ಹೊಂಡದಲ್ಲಿ ನನ್ನ ಗಾಡಿಯ ಮುಂದಿನ ಒಂದು ಚಕ್ರ, ಹಿಂದಿನ ಎದುರು ಮೂಲೆಯ ಒಂದು ಚಕ್ರ ಎರಡೂ ಗಾಳಿಗೇರಿದವು. ಚಕ್ರಗಳು ತಿರುಗಿದವು, ಗಾಡಿಯ ಕೆಳಗಿನಿಂದ ಕಟಕಟ ಎಂಬ ಸಪ್ಪಳ ಶುರುವಾಯಿತು. ಕಂಪ್ಯೂಟರ್ ಬ್ರೇಕು ಹಿಡಿಯತೊಡಗಿತ್ತು. ಗಾಡಿ ಗೇಣುದ್ದ ಮುಂದೆ ಜರುಗಿತು.

"ಬಿಡು! ಬಿಡವಾ, ಬಿಡು!" ಅಣ್ಣ ಎರಡೂ ಕೈ ಬೀಸಿ ಕೂಗಿದ.

"ಪೋನೀ ಅಕ್ಕಾ, ಪೋನೀ!" ಪಕ್ಕದಿಂದ ಸ್ವರ್ಣ.

"ಜಾನೇ ದೋ ಬಾಜಿ, ಜಾನೇ ದೋ!" ಖಲೀಲ್ ಭಾಯ್.

ನಾನು ಆಕ್ಸಿಲರೇಟರ್ ಮೇಲಿನ ಕಾಲು ಎತ್ತಿಬಿಟ್ಟೆ. ಕಟಕಟ ನಿಂತಿತು. ಗಾಡಿ ಹಿಂದಕ್ಕೆ ಜಾರಿ ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿತು. ಅಣ್ಣ ತನ್ನ ಜೀಪಿನ ಲಾಕರ್ ಹಾಕಿಕೊಂಡು ಬಂದು ಹಗ್ಗ ಕಟ್ಟಿ ಎಳೆದ. ಅವಮಾನದಿಂದ ನನ್ನ ಕಿವಿ ಬಿಸಿಯಾಗಿದ್ದವು.

"ಬಿಡು ಬಿಡು ಅಂತ ಗಂಟ್ಲಾ ಹರಕೊಂಡ್ನೆಲ್ಲ, ಯಾಕ ಕಾಲ್ ತಗದಿ?"

"ಬಿಡು ಅಂದಿ, ಬಿಟ್ಟೆ!"

"ಗಾಡಿ ಬಿಡು ಅಂದ್ನೆವಾ! ಗಾಡಿ ಹೊಡಿ ಅಂತ!"

ಇಬ್ಬರೂ ಕೆಸರಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಕಡೆ ಬಸ್ ಬಿಡು ಅಂದರೆ ಬಸ್ ಹೊರಡಿಸು ಅಂತ. ಅದೂ ಸರಿಯೇ. ಆದರೆ ನನಗೆ ಜೀವಮಾನವೆಲ್ಲ ಬಂದ ಬಿಡು ಬೇರೆಯದು. ಶಾಲೆಯ ಪ್ರವಾಸವೆಂದರೆ "ಬಿಡವಾ, ನಿನಗ್ಯಾಕ ತ್ರಾಸ." ಗೆಳತಿಯ ಮದುವೆಯ ಮೆರವಣಿಗೆಯೆಂದರೆ "ಬಿಡು, ನೀ ಕುಂದ್ರು." ಮೊಣಕಾಲೆತ್ತರದ ಕಟ್ಟೆ ಹತ್ತುವಾಗಲೂ ಯಾರೋ ಒಬ್ಬರು ಬಿಡು ಅನ್ನದೆ ಬಿಟ್ಟಿಲ್ಲ. ಈ ಊರಿನ ಭಾಷೆಗಳಾದರೂ ಎಂಥವು ನೋಡಿ! ತೆಲುಗಿನ ಪೋನೀ ಅಂದರೆ ಗಾಡಿ ಹೋಗಲಿ ಅಂತಲೂ ಹೌದು, ಹೋಗಲಿ ಬಿಡು ಅಂತಲೂ ಹೌದು. ಜಾನೇ ದೋ ಕೂಡ ಹಾಗೆಯೇ. ಮೂರೂ ಭಾಷೆ ಸೇರಿಕೊಂಡು ಮುಂದೆ ಹೋಗು ಎಂದು ಕೂಗಿದವು, ನನ್ನ ಕಾಲಿಗೆ ಮಾತ್ರ ಮೂರರಲ್ಲೂ ಸಾಕು ಮಾಡು ಎಂದೇ ಕೇಳಿಸಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಮುಂದಿನ ವರ್ಷ ಅಲ್ಲ, ಮುಂದಿನ ಭಾನುವಾರ" ಎಂದು ಖಲೀಲ್ ಭಾಯ್‌ಗೆ ಹೇಳಿದೆ. ಕೇಳಲಿಲ್ಲ, ಹೇಳಿದೆ.

ಅವರು ಗಡ್ಡ ಸವರಿಕೊಂಡರು. "ಗಲ್ತಿ ಜುಬಾನ್ ಕೀ ಹೈ, ಪಾವ್ ಕೀ ನಹೀಂ" ಅಂದರು. ತಪ್ಪು ನಾಲಿಗೆಯದು, ಕಾಲಿನದಲ್ಲ. ಭಾನುವಾರ ಬಾ ಅಂದರು. ಅಲ್ಲಿಯೇ ನಾವು ಒಂದು ಶಬ್ದ ಗೊತ್ತು ಮಾಡಿಕೊಂಡೆವು. ಒತ್ತು. ಒತ್ತು ಅಂದರೆ ಒತ್ತು, ಅದಕ್ಕೆ ಇನ್ನೊಂದು ಅರ್ಥ ಯಾರೂ ಹಚ್ಚಬಾರದು.

ಆ ವಾರ ಬೆಳಗಾದರೆ ನಾನು ಗಣಿಯಲ್ಲಿರುತ್ತಿದ್ದೆ, ಅಲ್ಲಿಂದಲೇ ಲ್ಯಾಬಿಗೆ. ಕರೆಯದಿದ್ದರೂ ಅಣ್ಣ ಬರುತ್ತಿದ್ದ, ಗೊಣಗಿಕೊಂಡೇ ಕಲ್ಲಿನ ಮೇಲೆ ಕೂತು ನನ್ನ ಚಕ್ರಗಳನ್ನು ನೋಡುತ್ತಿದ್ದ. ಹೆಚ್ಚು ಒತ್ತಿದರೆ ಕೆಸರು ಹಾರುತ್ತದೆ, ಗಾಡಿ ಕದಲುವುದಿಲ್ಲ. ಕಡಿಮೆ ಒತ್ತಿದರೆ ಕಂಪ್ಯೂಟರ್ ಮಲಗುತ್ತದೆ. ನಡುವೆ ಒಂದು ಹದವಿದೆ, ಅಲ್ಲಿ ಕಾಲು ಅಲ್ಲಾಡದೆ ನಿಲ್ಲಬೇಕು. ಚಕ್ರ ಸುಮ್ಮನೆ ತಿರುಗುತ್ತಿರುವಾಗಲೂ ಹೆದರಿ ಎತ್ತಬಾರದು, ಸಿಟ್ಟಿಗೆದ್ದು ತುಳಿಯಬಾರದು. "ಸಪ್ಪಳ ಬರೂತನಕ ಒತ್ತು, ಬಂದ ಮ್ಯಾಲೂ ಒತ್ತು" ಎಂದು ಅಣ್ಣ ಕೂಗುತ್ತಿದ್ದ. ಗುರುವಾರವೋ ಶುಕ್ರವಾರವೋ ಅವನ ಕೂಗು ನಿಂತಿತು. ಆಮೇಲೆ ತಿಳಿಯಿತು, ಗಾಡಿ ಆಗಲೇ ಹೊಂಡ ದಾಟಿ ಆಚೆ ನಿಂತಿತ್ತು.

ಭಾನುವಾರ ಹೊಂಡ ದಾಟಿದೆ. ಆದರೆ ಖಲೀಲ್ ಭಾಯ್ ಬಿಡುವ ಕುಳವಲ್ಲ. ಗಣಿಯ ಪಕ್ಕದ ಹಳೆಯ ಕೆರೆಯ ಏರಿಯ ಮೇಲೆ, ನೀರಿನ ಕಡೆಗೆ ವಾಲಿದ ಜಾರುದಾರಿಯನ್ನೂ ಹಾಯಬೇಕು ಅಂದರು. ಅಣ್ಣ ಮೊದಲು ಹೊರಟ, ಲಾಕರ್ ಹಾಕಿಕೊಂಡು. ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗಿದವು, ಒಟ್ಟಿಗೇ ಹಿಡಿತ ಬಿಟ್ಟವು. ನೆಲ ಕಚ್ಚಿ ನಿಲ್ಲಲು ಒಂದೂ ಉಳಿಯಲಿಲ್ಲ. ಜೀಪಿನ ಹಿಂಭಾಗ ಮೆಲ್ಲಗೆ ನೀರಿನ ಕಡೆಗೆ ಜಾರತೊಡಗಿತು. ಅಣ್ಣ ಬುದ್ಧಿವಂತ, ಕೂಡಲೇ ನಿಲ್ಲಿಸಿ ಲಾಕರ್ ತೆಗೆದು ಹಿಂದಕ್ಕೆ ಬಂದ. ಅವನ ಮುಖ ಬಿಳಚಿತ್ತು. ನನ್ನ ಗಾಡಿಯಲ್ಲಿ ಜಾರಿದ ಚಕ್ರಕ್ಕಷ್ಟೇ ಬ್ರೇಕು ಬಿತ್ತು, ಉಳಿದವು ನೆಲ ಹಿಡಿದುಕೊಂಡಿದ್ದವು. ತೆವಳುತ್ತ ತೆವಳುತ್ತ ಆಚೆ ಮುಟ್ಟಿದೆ. ಇಳಿದಾಗ ಬ್ರೇಕಿನ ವಾಸನೆ ಘಮ್ಮೆಂದು ಹೊಡೆಯಿತು.

"ಗಡ್ಢೇ ಮೇಂ ಭಾಯ್, ಢಲಾನ್ ಪೇ ಬೆಹೆನ್" ಎಂದು ಖಲೀಲ್ ಭಾಯ್ ತೀರ್ಪು ಕೊಟ್ಟರು. ಹೊಂಡಕ್ಕೆ ಅಣ್ಣ, ಇಳಿಜಾರಿಗೆ ತಂಗಿ. ನಾನು ಬಳಗದ ಡ್ರೈವರ್ ಆದೆ. ಸ್ವರ್ಣ ಚಪ್ಪಾಳೆ ಹೊಡೆದಳು. ಅಣ್ಣ ಮಾತ್ರ ಮನೆಗೆ ಬರುವಾಗ, "ಪರೀಕ್ಷಾ ಬ್ಯಾರೆ, ಖರೇ ನೀರು ಬ್ಯಾರೆ" ಅಂದ.

ಖರೇ ನೀರು ಶ್ರಾವಣದಲ್ಲಿ ಬಂತು. ಮಳೆ ಹಗಲೂ ರಾತ್ರಿ ಸುರಿದು ಒಂದು ಕೆರೆ ತುಂಬಿ, ಅದರ ಹಿಂದಿನ ಕಾಲೊನಿಯ ಮುಖ್ಯರಸ್ತೆ ಎದೆಮಟ್ಟ ಮುಳುಗಿತು. ಒಳಗೆ ಯಾದಮ್ಮ ಎಂಬ ನಿವೃತ್ತ ಶಾಲಾ ಶಿಕ್ಷಕಿ ಇದ್ದರು. ಡಯಾಲಿಸಿಸ್ ಸರದಿ ತಪ್ಪಿತ್ತು, ಕಾಲು ಊದಿ ಉಸಿರು ಕಟ್ಟುತ್ತಿದೆ ಎಂದು ಪಕ್ಕದ ಮನೆಯವರು ಫೋನ್ ಮಾಡಿದ್ದರು. ದೋಣಿ ಇನ್ನೊಂದು ಕಡೆ ಸಿಕ್ಕಿಕೊಂಡಿತ್ತು. ಉಳಿದದ್ದು ಕೆರೆ ಏರಿಯ ಮಣ್ಣಿನ ದಾರಿ. ಅದು ನೀರಿನ ಕಡೆಗೇ ವಾಲಿತ್ತು.

ಖಲೀಲ್ ಭಾಯ್ ಏರಿಯ ಮೇಲೆ ನಡೆದು ಹೋಗಿ ಕೋಲಿನಿಂದ ಕುಕ್ಕಿ ನೋಡಿ ಬಂದರು. ಗಾಡಿ ತಡೆಯುವಷ್ಟು ಗಟ್ಟಿ ಇದೆ, ಮೇಲೆ ಮಾತ್ರ ಜಾರಿಕೆ ಅಂದರು. "ಬಾಜಿ ಕೀ ಗಾಡಿ ಜಾಯೇಗೀ."

"ಗಾಡಿ ಹೋಗ್ಲಿ" ಅಂದ ಅಣ್ಣ. "ನಾ ಓಡಸ್ತೀನಿ. ಕೀಲಿ ಕೊಡು."

ಮಳೆಯಲ್ಲಿ ಕೈ ಚಾಚಿ ನಿಂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

"ಈ ಗಾಡಿ ನೀ ಯಾವಾಗ ಓಡಿಸೀದಿ? ನಿನ್ ಕಾಲಿಗೆ ಲಾಕರಿನ ಚಟ ಐತಿ. ಜಾರಿತು ಅಂದ್ರ ಗಚ್ಚನ ಒತ್ತತಿ. ಕೀಲಿ ಕೊಡೂದಿಲ್ಲ."

"ಹಟಾ ಮಾಡಬ್ಯಾಡ."

"ಮಾಡ್ತೀನಿ."

"ನೀರಾಗ ಬಿದ್ರ ನೀ ಹ್ಯಾಂಗ ಹೊರಗ ಬರ್ತಿ?" ಅಣ್ಣನ ದನಿ ಒಡೆಯಿತು. "ಆ ಕಬ್ಬಿಣಾ ಕಟಗೊಂಡು ಹ್ಯಾಂಗ ಈಸ್ತಿ? ಹೇಳು!"

ಇಷ್ಟು ದಿನ ಲಾಕರ್ ಲಾಕರ್ ಎಂದು ಅವನು ಜಗಳ ಆಡಿದ್ದು ಇದಕ್ಕೇ. ನನಗೂ ಹೆದರಿಕೆಯಿತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಡ್ರೈವರ್ ಸೀಟಿನಲ್ಲಿ ಕೂತು ಕ್ಯಾಲಿಪರಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಅದನ್ನು ಅವನ ಕೈಗೆ ಕೊಟ್ಟೆ.

"ತಗೋ. ಓಡಸಾಕ ಇದು ಬೇಕಾಗಿಲ್ಲ. ಯಾದಮ್ಮನ್ನ ಎತ್ತಿ ಕೂಡಸಾಕ ಒಬ್ರು ಬೇಕು. ನೀ ಬರೂದಾದ್ರ ಬಾ, ಇಲ್ಲಾಂದ್ರ ಅಲ್ಲಿ ನಿಂತ ಸ್ವರ್ಣನ್ನ ಕರೀತೀನಿ."

ಅಣ್ಣ ಖಲೀಲ್ ಭಾಯ್ ಕಡೆ ನೋಡಿದ. ಅವರು ಆಕಾಶ ನೋಡುತ್ತಿದ್ದರು. ಅಣ್ಣ ಕ್ಯಾಲಿಪರನ್ನು ಹಿಂದಿನ ಸೀಟಿನ ಕೆಳಗಿಟ್ಟು, ಸುತ್ತಿ ಬಂದು ಎಡಗಡೆ ಕೂತ. ನೀರಿಗೆ ಬಿದ್ದರೆ ಹೊರಬರಲು ಇರಲಿ ಎಂದು ಕಿಟಕಿಗಳನ್ನೆಲ್ಲ ಇಳಿಸಿದೆವು.

ಹೋಗುವಾಗ ಏರಿ ತೊಂದರೆ ಕೊಡಲಿಲ್ಲ. ಕಾಲೊನಿಯ ತುದಿಯಲ್ಲಿ ಅಣ್ಣ ಮೊಣಕಾಲು ನೀರಿನಲ್ಲಿ ನಡೆದು ಯಾದಮ್ಮನನ್ನು ತೋಳಿನ ಮೇಲೆ ಎತ್ತಿಕೊಂಡು ಬಂದ. ಊದಿದ ಮುಖದ, ಮಾತು ಸಣ್ಣಗಾದ ಹೆಂಗಸು. ಬರುವಾಗ ಮಳೆ ಜೋರಾಗಿ ಮೇಲ್ಮಣ್ಣು ಅಂಬಲಿಯಾಗಿತ್ತು. ಒಂದಲ್ಲ ಒಂದು ಚಕ್ರ ಜಾರುತ್ತಲೇ ಇತ್ತು, ಕಟಕಟ ನಿಲ್ಲಲೇ ಇಲ್ಲ. ಏರಿಯ ನಡುಮಧ್ಯ ಬಂದಾಗ ಆ ಸುಟ್ಟ ವಾಸನೆ ಒಳಗೆಲ್ಲ ತುಂಬಿತು, ಎದುರಿಗೆ ಹಳದಿ ದೀಪ ಹತ್ತಿಕೊಂಡಿತು. ಬ್ರೇಕು ಮಿತಿ ಮೀರಿ ಕಾದು ಕಂಪ್ಯೂಟರ್ ಕೈ ಎತ್ತಿತ್ತು. ಟ್ರ್ಯಾಕ್ಷನ್ ಕಂಟ್ರೋಲಿನ ದೊಡ್ಡ ಐಬು ಅದೇ, ಅದಕ್ಕೆ ದಣಿವಾಗುತ್ತದೆ. ಲಾಕರಿಗೆ ಆಗುವುದಿಲ್ಲ.

ನಾನು ಗಾಡಿ ನಿಲ್ಲಿಸಿದೆ.

"ಒತ್ತು!" ಅಂದ ಅಣ್ಣ. "ಒತ್ತವಾ, ಒತ್ತು!"

ನಮ್ಮದೇ ಶಬ್ದ. ನನ್ನ ಬಲಗಾಲು ತಾನಾಗಿಯೇ ಬಿಗಿಯಿತು. ಆದರೆ ಈಗ ಒತ್ತಿದರೆ ಒಂದೇ ಚಕ್ರ ಸುಮ್ಮನೆ ತಿರುಗಿ ಏರಿಯನ್ನು ತೋಡುತ್ತದೆ, ತೋಡಿದ ಕಡೆಗೆ ಗಾಡಿ ವಾಲುತ್ತದೆ. ಗೇರನ್ನು ಪಾರ್ಕಿಗೆ ಹಾಕಿ, ಕಾಲನ್ನು ಬ್ರೇಕಿನಿಂದಲೂ ತೆಗೆದು, ಕೈ ಮಡಿಚಿ ಕೂತೆ.

"ಒತ್ತೂದಿಲ್ಲ. ಆರಬೇಕು."

"ಎಷ್ಟೊತ್ತು?"

"ಅದು ಆರೂತನಕ."

ಹಿಂದಿನಿಂದ ಯಾದಮ್ಮ ಕಣ್ಣು ತೆರೆದು "ಏಮೈಂದಮ್ಮಾ?" ಎಂದು ಕೇಳಿದರು. ಏನಾಯಿತಮ್ಮಾ ಅಂತ. ಬ್ರೇಕು ಕಾದಿದೆ, ಸ್ವಲ್ಪ ಕಾಯಬೇಕು ಎಂದು ತೆಲುಗಿನಲ್ಲಿ ಹೇಳಿದೆ. ಅವರು ಉಸಿರಿಗೆ ಒಂದೊಂದೇ ಮಾತಿನಂತೆ ಹೇಳಿದರು, "ಪರವಾಲೇದು. ಮಷೀನ್ ದಗ್ಗರ ಕೂರ್ಚೋವಡಂ ನಾಕು ಅಲವಾಟೇ." ಪರವಾಗಿಲ್ಲ, ಯಂತ್ರದ ಪಕ್ಕ ಕೂತು ಕಾಯುವುದು ನನಗೆ ರೂಢಿಯೇ.

ಆ ಮಾತಿಗೆ ಅಣ್ಣ ತಲೆ ತಗ್ಗಿಸಿದ. ಮೂವರೂ ಮಳೆಯ ಸಪ್ಪಳ ಕೇಳುತ್ತ ಕೂತೆವು. ನೀರು ಎಡಗಡೆ, ಅಣ್ಣನ ಕಿಟಕಿಯ ಕೆಳಗೇ ಇತ್ತು. ಅವನು ಒಂದು ಸಲವೂ ಬಾಗಿಲಿನ ಹಿಡಿಕೆ ಮುಟ್ಟಲಿಲ್ಲ. ನಾನು ದೇವರ ಹೆಸರು ಹೇಳಿದೆ, ಕೆರೆಯನ್ನು ಬೈದೆ, ಗಾಡಿ ಮಾಡಿದವನನ್ನೂ ಬೈದೆ. ಕಾಲನ್ನು ಮಾತ್ರ ಪೆಡಲಿನ ಮೇಲೆ ಇಡಲಿಲ್ಲ. ಎಷ್ಟು ಹೊತ್ತಾಯಿತೋ ತಿಳಿಯದು, ಹಳದಿ ದೀಪ ಆರಿತು. ಕಾಲಿಟ್ಟೆ. ಹದಕ್ಕೆ ಒತ್ತಿದೆ. ಕಟಕಟ ಮತ್ತೆ ಬಂತು. ಏರಿ ಮುಗಿದು ಚಕ್ರಕ್ಕೆ ಡಾಂಬರು ಸಿಕ್ಕಾಗ ನನ್ನ ಬಾಯಿಂದ ಬಂದದ್ದು ಅಳುವೋ ನಗುವೋ ನನಗೇ ಗೊತ್ತಾಗಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಯಾದಮ್ಮನನ್ನು ತಳ್ಳುಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಅಣ್ಣ ಮಳೆಯಲ್ಲೇ ನಿಂತು ನನ್ನ ಗಾಡಿಯ ಗಾಜಿನ ಮೇಲಿನ ಕೆಸರನ್ನು ತನ್ನ ಅಂಗಿಯ ತೋಳಿನಿಂದ ಒರೆಸುತ್ತಿದ್ದ. ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಖಲೀಲ್ ಭಾಯ್. ಅದೇ ಕಾಲೊನಿಯಲ್ಲಿ ಇನ್ನೊಬ್ಬರಿದ್ದಾರೆ, ಮತ್ತೆ ಏರಿ ಹಾಯಲು ಆಗುತ್ತದೆಯೇ ಎಂದು ಕೇಳುತ್ತಿದ್ದರು. ದನಿ ನನಗೂ ಕೇಳಿಸುತ್ತಿತ್ತು.

ಅಣ್ಣ ಒರೆಸುವುದನ್ನು ಬಿಟ್ಟು ನನ್ನ ಕಿಟಕಿಯ ಹತ್ತಿರ ಬಂದ. "ಠೈರೋ ಭಾಯ್, ಡ್ರೈವರ್ ಕೋ ದೇತೂಂ" ಅಂದ. ತಾಳಿ, ಡ್ರೈವರಿಗೆ ಕೊಡುತ್ತೇನೆ ಅಂತ. ಕಿಟಕಿಯೊಳಗೆ ಕೈ ಚಾಚಿ ಫೋನನ್ನು ನನಗೆ ಕೊಟ್ಟ.

"ಬ್ರೇಕ್ ಆರಲಿ, ಬರ್ತೀವಿ" ಅಂದೆ.